ಸಾಕಿದ ಆಮೆಯನ್ನು ಪವಾಯಿ ಕೆರೆಗೆ ಬಿಡಬಹುದೇ?

ಪ್ರಶ್ನೆ: ನಾವು ಮುಂಬೈಯ ಪವಾಯಿಯಲ್ಲಿದ್ದೇವೆ. ಕಳೆದ ಮಳೆಗಾಲದ ಒಂದು ಸಂಜೆ ಕೆರೆಯ ಪಕ್ಕದ ರಸ್ತೆಯಲ್ಲಿ ದೊಡ್ಡದೊಂದು ಆಮೆ ಹೋಗುತ್ತಿತ್ತು. ಅಂದಿನಿಂದ ಮಗ, ಮನೆಯ ಗಾಜಿನ ತೊಟ್ಟಿಯಲ್ಲಿರುವ ತನ್ನ ಆಮೆಯನ್ನೂ ಕೆರೆಗೆ ಬಿಟ್ಟರೆ ಅಲ್ಲಿ ಆಮೆಗಳು ಹೆಚ್ಚುತ್ತವೆ ಎನ್ನುತ್ತಿದ್ದಾನೆ. ಅವನ ಮಾತು ಸರಿಯೇ? ಕೆರೆಯ ಆಮೆಗಳಿಗೆ ನಾವೇನು ಮಾಡಬಹುದು?

ಉತ್ತರ: ದಯವಿಟ್ಟು ಬಿಡಬೇಡಿ. ಅದರ ಕಣ್ಣಿನ ಹಿಂದೆ ಕೆಂಪು ಪಟ್ಟೆಯಿದ್ದರೆ ಅದು ಅಮೆರಿಕ ಮೂಲದ ರೆಡ್ ಇಯರ್ಡ್ ಸ್ಲೈಡರ್. ಅಂಗಡಿಯಲ್ಲಿ ನಾಣ್ಯದಷ್ಟಿದ್ದದ್ದು ಊಟದ ತಟ್ಟೆಯಷ್ಟಾಗುವ ಹೊತ್ತಿಗೆ ಮನೆಯವರಿಗೆ ಸಾಕಾಗಿ ಕೆರೆ ಸೇರುತ್ತದೆ. ಸೇರಿದ ಮೇಲೆ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ನಮ್ಮ ಆಮೆಗಳೊಂದಿಗೆ ಪೈಪೋಟಿಗಿಳಿಯುತ್ತದೆ, ರೋಗವನ್ನೂ ಹರಡಬಲ್ಲದು. ಸಾಕಲಾಗದಿದ್ದರೆ ಪ್ರಾಣಿರಕ್ಷಣಾ ಸಂಸ್ಥೆಯೊಂದನ್ನು ವಿಚಾರಿಸಿ.

ನೀವು ರಸ್ತೆಯಲ್ಲಿ ಕಂಡದ್ದು ಬಹುಶಃ ಫ್ಲ್ಯಾಪ್‌ಶೆಲ್ ಆಮೆ. ಮೆತ್ತನೆಯ ಚರ್ಮದ ಚಿಪ್ಪು, ಹಿಂಗಾಲುಗಳನ್ನು ಒಳಗೆಳೆದುಕೊಂಡಾಗ ಕದದಂತೆ ಮುಚ್ಚಿಕೊಳ್ಳುವ ಹೊಟ್ಟೆಯ ಮಡಿಕೆಗಳು ಅದರ ಗುರುತು. ಬಸವನಹುಳ, ಮೀನು, ಕಪ್ಪೆ, ನೀರಿನ ಗಿಡ, ಸತ್ತ ಪ್ರಾಣಿ ಎಲ್ಲವನ್ನೂ ತಿನ್ನುವ ಇದಕ್ಕೆ ಜನ ಎಸೆಯುವ ಪಾವ್ ಬೇಕಿಲ್ಲ. ಬೇಕಿರುವುದು ಮಣ್ಣಿನ ದಡ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಸರಿನಲ್ಲಿ ಹೂತುಕೊಂಡು ದಿನ ನೂಕುವುದೂ, ದಡವೇರಿ ನೆಲ ಅಗೆದು ಮೊಟ್ಟೆಯಿಡುವುದೂ ಕಲ್ಲು ಕಟ್ಟಿದ ನೇರ ಗೋಡೆಯಿರುವಲ್ಲಿ ಆಗದ ಕೆಲಸ. ಕೆರೆಯ ‘ಸೌಂದರ್ಯೀಕರಣ’ದ ನಕ್ಷೆಗಳಲ್ಲಿ ಮೊದಲು ಮಾಯವಾಗುವುದು ಈ ಕೆಸರಂಚೇ. 1891ರಲ್ಲಿ ಕುಡಿಯುವ ನೀರಿಗಾಗಿ ಕಟ್ಟಿದ ಪವಾಯಿ ಕೆರೆಯ ದಂಡೆಯಲ್ಲಿ ಸೈಕಲ್ ಪಥ ನಿರ್ಮಿಸುತ್ತಿದ್ದಾಗ, 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಆ ಕಾಮಗಾರಿ ಅಕ್ರಮವೆಂದು ಹೇಳಿ, ಜಾಗವನ್ನು ಮೊದಲಿನಂತಾಗಿಸಲು ಆದೇಶಿಸಿತು. ನಿಮ್ಮ ಸೊಸೈಟಿಯ ಸಭೆಯಲ್ಲಿ ದಡಕ್ಕೆ ಕಾಂಕ್ರೀಟ್ ಹಾಕುವ ಮಾತು ಬಂದರೆ ಇದನ್ನು ನೆನಪಿಸಿ. ಆಮೆಗೆ ಅದಕ್ಕಿಂತ ದೊಡ್ಡ ಉಪಕಾರವನ್ನು ಬೇರೆ ಕಾಣೆ.

ಮಳೆಗಾಲದಲ್ಲಿ ಮತ್ತೆ ರಸ್ತೆಯಲ್ಲಿ ಕಂಡರೆ ವಾಹನಗಳನ್ನು ತಡೆದು, ಅದು ಹೊರಟಿದ್ದ ದಿಕ್ಕಿನಲ್ಲೇ ಆಚೆ ದಾಟಿಸಿ. ಹಿಂದಕ್ಕೆ ತಂದುಬಿಟ್ಟರೆ ಮತ್ತೆ ಅದೇ ರಸ್ತೆಗಿಳಿಯುತ್ತದೆ. ಚಿಪ್ಪಿನ ಹಿಂಭಾಗದ ಎರಡೂ ಬದಿಗೆ ಕೈಯಿಟ್ಟು ಎತ್ತಿ, ಏಕೆಂದರೆ ಅದರ ಕುತ್ತಿಗೆ ನೀವೆಣಿಸಿದ್ದಕ್ಕಿಂತ ಉದ್ದ, ಕಚ್ಚುವುದೂ ಜೋರು. ಗಾಯಗೊಂಡಿದ್ದರೆ, ಗಾಳ ಬಾಯಲ್ಲಿ ಸಿಕ್ಕಿದ್ದರೆ ನೀವೇ ಕೀಳಲು ಹೋಗದೆ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ. ಮುದ್ದಾಗಿದೆಯೆಂದು ಮನೆಗೆ ಮಾತ್ರ ಒಯ್ಯಬೇಡಿ: 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಆಮೆಯನ್ನು ಇಟ್ಟುಕೊಳ್ಳುವುದು ಅಪರಾಧ.