ಅಕ್ವಾಟಿಕ್ ವಾರ್ಬ್ಲರ್ ಹಕ್ಕಿ, ಕಾಡು ಫ್ರಿಟಿಲರಿ ಹೂ: ಯಾವುದನ್ನು ಉಳಿಸೋದು ಕಷ್ಟ?

ನನ್ನ ಪ್ರಕಾರ ಹಕ್ಕಿಯನ್ನೇ. ಫ್ರಿಟಿಲರಿ ಗಡ್ಡೆ ಗಿಡ, ಇದ್ದಲ್ಲೇ ಇರುತ್ತದೆ. ಇಂಗ್ಲೆಂಡಿನ ಕ್ರಿಕ್ಲೇಡ್ ಊರಿನ ನಾರ್ತ್ ಮೆಡೋ ಹುಲ್ಲುಗಾವಲಲ್ಲಿ ಬೀಜ ಉದುರಿದ ಮೇಲೆಯೇ ಹುಲ್ಲು ಕೊಯ್ಯುತ್ತಾರೆ, ಅದಕ್ಕೇ ಅಲ್ಲಿ ಏಪ್ರಿಲ್‌ನಲ್ಲಿ ಆ ನೇರಳೆ ಚೌಕಳಿ ಹೂಗಳು ಇವತ್ತಿಗೂ ಅರಳುತ್ತವೆ. ಎಷ್ಟು ಚೆಂದ ಗೊತ್ತಾ!

ವಾರ್ಬ್ಲರ್ ಕಥೆ ಹಾಗಲ್ಲ. ಪೋಲೆಂಡಿನ ಬಿಯೆಬ್ಜಾ ಕಣಿವೆ, ಬೆಲಾರಸ್, ಉಕ್ರೇನಿನ ಜೌಗು ಹುಲ್ಲಲ್ಲಿ ಗೂಡು ಕಟ್ಟಿ, ಚಳಿಗಾಲಕ್ಕೆ ಸೆನೆಗಲ್ ಕಡೆ ಪಶ್ಚಿಮ ಆಫ್ರಿಕಾಕ್ಕೆ ಹಾರುವ ಪುಟ್ಟ ಹಕ್ಕಿ ಅದು, ಹಾಗಾಗಿ ಒಂದು ಕಡೆ ಜೌಗು ಉಳಿಸಿ ಇನ್ನೊಂದು ಕಡೆ ನೀರು ಬಸಿದರೆ ಏನು ಪ್ರಯೋಜನ? ಹುಲ್ಲು ಕೊಯ್ಯದೇ ಬಿಟ್ಟರೂ ಪೊದೆ ಬೆಳೆದು ಜಾಗ ಹಾಳು. ಮರಿ ಹಾರುವ ಮೊದಲೇ ಕೊಯ್ದರೆ ಗೂಡೇ ಹೋಯ್ತು.