ಯೂನಿಕ್ಸ್ ಮೂರೇ ವಾರದಲ್ಲಿ ಹುಟ್ಟಿದ್ದು ನಿಜವಾ?

ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯ ಕೆನ್ ಥಾಂಪ್ಸನ್ ಒಬ್ಬರೇ ಕೂತು, ಮೂರೇ ವಾರದಲ್ಲಿ, ಅದೂ ಒಂದು ಆಟ ಆಡೋಕೆ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಬರೆದರಂತೆ, ಹೌದಾ ಅಂತ ಕೇಳಿದ್ದೀರಿ. ಮೂರು ವಾರದ ಮಾತು ನಿಜ. ಆದರೆ ಅದಕ್ಕೆ ಮುಂಚಿನ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೆಲ್ ಲ್ಯಾಬ್ಸ್, ಎಂಐಟಿ, ಜನರಲ್ ಎಲೆಕ್ಟ್ರಿಕ್ ಮೂರೂ ಸೇರಿ ಮಲ್ಟಿಕ್ಸ್ ಎಂಬ ದೊಡ್ಡ ಆಪರೇಟಿಂಗ್ ಸಿಸ್ಟಮ್ ಕಟ್ಟಲು ಹೊರಟಿದ್ದವು. ಅದು ಮುಗಿಯುವ ಲಕ್ಷಣವೇ ಕಾಣದೆ 1969ರಲ್ಲಿ ಬೆಲ್ ಲ್ಯಾಬ್ಸ್ ಹೊರಬಂತು. ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತಿತರರು ಹೊಸ ಕಂಪ್ಯೂಟರ್ ಕೊಡಿಸಿ ಅಂತ ಕೇಳುತ್ತಲೇ ಇದ್ದರು. ಮೇಲಿನವರದ್ದು ಬಿಸಿ ಹಾಲಿಗೆ ಬಾಯಿ ಹಾಕಿದ ಬೆಕ್ಕಿನ ಸ್ಥಿತಿ. ಆಪರೇಟಿಂಗ್ ಸಿಸ್ಟಮ್ ಅಂದರೆ ಸಾಕು, ಬೇಡ ಅನ್ನುತ್ತಿದ್ದರು. ಯಂತ್ರ ಸಿಗದಿದ್ದರೂ ಥಾಂಪ್ಸನ್, ರಿಚಿ, ರಡ್ ಕ್ಯಾನಡೇ ಸೇರಿ ಫೈಲ್ ಸಿಸ್ಟಮ್ (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಹೇಗಿರಬೇಕು ಅಂತ ಕಪ್ಪುಹಲಗೆಯ ಮೇಲೆ ಬರೆದು ಚರ್ಚಿಸಿದ್ದರು.

ಇನ್ನು ಆಟ. ಸ್ಪೇಸ್ ಟ್ರಾವೆಲ್ ಅಂತ ಹೆಸರು. ಗ್ರಹಗಳ ನಡುವೆ ನೌಕೆ ಹಾರಿಸಿ ಇಳಿಸಬೇಕು. ದೊಡ್ಡ ಕಂಪ್ಯೂಟರಿನಲ್ಲಿ ಒಂದು ಸಲ ಆಡಿದರೆ ಸುಮಾರು 75 ಡಾಲರ್ ಲೆಕ್ಕ ಬೀಳುತ್ತಿತ್ತು. ಹಾಗಾಗಿ ಥಾಂಪ್ಸನ್ ಅಷ್ಟಾಗಿ ಯಾರೂ ಬಳಸದ ಪಿಡಿಪಿ-7 ಎಂಬ ಒಂದು ಸಣ್ಣ ಕಂಪ್ಯೂಟರ್ ಹುಡುಕಿದರು. ಅದರಲ್ಲೇ ಕೂತು ಪ್ರೋಗ್ರಾಮ್ ಬರೆಯುವಂತಿರಲಿಲ್ಲ. ದೊಡ್ಡ ಯಂತ್ರದಲ್ಲಿ ಸಿದ್ಧಮಾಡಿ, ಕಾಗದದ ಟೇಪಿನಲ್ಲಿ ತೂತು ಹೊಡೆಸಿ, ಆ ಸುರುಳಿಯನ್ನು ಕೈಯಲ್ಲಿ ಹಿಡಿದು ಇಲ್ಲಿಗೆ ತರಬೇಕು. ಈ ಓಡಾಟದಲ್ಲೇ ಅವರಿಗೆ ಆ ಯಂತ್ರ ಪಳಗಿತು. ಆಮೇಲೆ ಹಲಗೆಯ ಮೇಲಿದ್ದ ಫೈಲ್ ಸಿಸ್ಟಮ್ ಅದರೊಳಗೆ ಬಂತು.

ಅಷ್ಟರಲ್ಲಿ ಥಾಂಪ್ಸನ್ ಅವರ ಹೆಂಡತಿ ಮಗುವನ್ನು ಕರೆದುಕೊಂಡು ಮೂರು ವಾರ ಊರಿಗೆ ಹೋದರು. ಬಾಕಿ ಇದ್ದದ್ದು ಎಡಿಟರ್ (ಪ್ರೋಗ್ರಾಮ್ ಬರೆದು ತಿದ್ದಲು), ಅಸೆಂಬ್ಲರ್ (ಬರೆದದ್ದನ್ನು ಯಂತ್ರದ ಭಾಷೆಗೆ ಬದಲಿಸಲು), ಕರ್ನಲ್ (ಸಿಸ್ಟಮ್ಮಿನ ತಿರುಳು). ಒಂದೊಂದಕ್ಕೆ ಒಂದೊಂದು ವಾರ ಅಂತ ಲೆಕ್ಕ ಹಾಕಿದೆ ಅಂತ ಥಾಂಪ್ಸನ್ ಅವರೇ ಹೇಳಿದ್ದಾರೆ. ನನಗೆ ಮುಖ್ಯ ಅನ್ನಿಸುವುದು ಆ ಅಸೆಂಬ್ಲರ್. ಅದು ಬಂದ ಮೇಲೆ ಟೇಪ್ ಹೊರುವುದು ನಿಂತಿತು. ಯೂನಿಕ್ಸ್ ಪ್ರೋಗ್ರಾಮುಗಳನ್ನು ಯೂನಿಕ್ಸಿನಲ್ಲೇ ಬರೆಯಬಹುದಾಯಿತು.

ಯೂನಿಕ್ಸಿನ ಎಷ್ಟೋ ಕಮಾಂಡುಗಳು (ಕಂಪ್ಯೂಟರಿಗೆ ಕೊಡುವ ಆಜ್ಞೆಗಳು) ಎರಡೆರಡು ಅಕ್ಷರ ಯಾಕೆ ಅಂತಲೂ ಕೇಳಿದ್ದಿರಿ. ಆಗಿನ ಟೆಲಿಟೈಪ್ (ಕಂಪ್ಯೂಟರಿಗೆ ಜೋಡಿಸಿದ ಟೈಪ್ ಯಂತ್ರ) ಸೆಕೆಂಡಿಗೆ 10 ಅಕ್ಷರ ಅಚ್ಚು ಹಾಕುತ್ತಿತ್ತು, ಕೀಲಿಗಳೂ ಗಟ್ಟಿ. ಜಾಸ್ತಿ ಒತ್ತಲು ಯಾರಿಗೆ ಇಷ್ಟ? ಫೈಲ್ ಸೃಷ್ಟಿಸುವ ‘ಕ್ರಿಯೇಟ್’ ಎಂಬ ಕರೆಯಲ್ಲಂತೂ (ಪ್ರೋಗ್ರಾಮ್ ಸಿಸ್ಟಮ್ಮಿನಿಂದ ಕೆಲಸ ಕೇಳುವ ಹೆಸರು) ಇಂಗ್ಲಿಷಿನ ಕೊನೆಯ ‘ಇ’ ಅಕ್ಷರವೇ ಇಲ್ಲ, ಬರೀ creat. ನಾನು ಕಲಿಯುವಾಗ ಅಚ್ಚಿನ ತಪ್ಪು ಅಂದುಕೊಂಡು ‘ಇ’ ಸೇರಿಸಿ ಅರ್ಧ ಗಂಟೆ ಸುಮ್ನೆ ಒದ್ದಾಡಿದ್ದೆ. ಮತ್ತೆ ಯೂನಿಕ್ಸ್ ಬರೆದರೆ ಏನು ಬದಲಿಸುತ್ತೀರಿ ಅಂತ ಕೇಳಿದಾಗ ಥಾಂಪ್ಸನ್, ಆ ‘ಇ’ ಸೇರಿಸುತ್ತೇನೆ ಅಂದಿದ್ದರು!

ಕೊನೆಗೂ 1970ರಲ್ಲಿ ಹೊಸ ಯಂತ್ರ ಸಿಕ್ಕಿತು, ಪಿಡಿಪಿ-11. ಆಪರೇಟಿಂಗ್ ಸಿಸ್ಟಮ್ ಅನ್ನದೆ, ದಾಖಲೆ ಪತ್ರ ಸಿದ್ಧಪಡಿಸುವ ವ್ಯವಸ್ಥೆ ಮಾಡುತ್ತೇವೆ ಅಂತ ಕೇಳಿದ್ದರು, ಜಾಣರು ಅಲ್ವಾ? ಯಂತ್ರ ಬಂದರೂ ಡಿಸ್ಕ್ ಬಂದದ್ದು ಡಿಸೆಂಬರಿನಲ್ಲಿ. ಅಲ್ಲಿವರೆಗೆ ಅದು 6×8 ಮನೆಗಳ ಚದುರಂಗದ ಹಲಗೆಯಲ್ಲಿ ಕುದುರೆ ಎಲ್ಲ ಮನೆ ಸುತ್ತಿ ಹೊರಟಲ್ಲಿಗೇ ಮರಳುವ ದಾರಿ ಎಷ್ಟಿವೆ ಅಂತ ಎಣಿಸುತ್ತಾ ಕೂತಿತ್ತು. ಮರುವರ್ಷ ಬೆಲ್ ಲ್ಯಾಬ್ಸಿನ ಪೇಟೆಂಟ್ ವಿಭಾಗದ ಟೈಪಿಸ್ಟುಗಳು ಅದರಲ್ಲೇ ಪೇಟೆಂಟ್ ಅರ್ಜಿ ಟೈಪ್ ಮಾಡತೊಡಗಿದರು.