ಕೆಂಪು-ಹಳದಿ ಅಂಗಿಯ ಕ್ಲಬ್ಬು, ಬೆಂಗಳೂರಿನ ಅಹ್ಮದ್ ಖಾನ್

ಓದುಗರ ಪತ್ರ: "ಸಂಪಾದಕರೇ, ಮೊನ್ನೆ ಟೀವಿಯಲ್ಲಿ ಕೋಲ್ಕತ್ತಾದ ಒಂದು ಫುಟ್‌ಬಾಲ್ ಮ್ಯಾಚ್ ನೋಡುತ್ತಿದ್ದೆ. ಗ್ಯಾಲರಿ ತುಂಬ ಕೆಂಪು-ಹಳದಿ ಬಾವುಟ. ರಾಜ್ಯೋತ್ಸವದ ಮೆರವಣಿಗೆ ಅಲ್ಲಿಗೆ ಹೇಗೆ ಹೋಯ್ತು ಅಂತ ಒಂದು ಗಳಿಗೆ ಗಾಬರಿಯಾಯ್ತು! ಆಮೇಲೆ ಗೊತ್ತಾಯ್ತು, ಅದು ಈಸ್ಟ್ ಬೆಂಗಾಲ್ ಕ್ಲಬ್ಬು. ಪೂರ್ವ ಬಂಗಾಳ ಅಂದರೆ ಈಗಿನ ಬಾಂಗ್ಲಾದೇಶ ತಾನೇ? ಆ ಹೆಸರಿನ ಕ್ಲಬ್ಬು ಕೋಲ್ಕತ್ತಾದಲ್ಲಿ ಯಾಕಿದೆ? ಇನ್ನೊಂದು ವಿಷಯ. ಬೆಂಗಳೂರು ದಂಡಿನಲ್ಲಿ ಕೆಲಸಕ್ಕಿದ್ದ ನಮ್ಮ ಅಜ್ಜ ಒಂದು ಕಥೆ ಹೇಳುತ್ತಿದ್ದರು. ಬರಿಗಾಲಲ್ಲಿ ಆಡುವ ಬೆಂಗಳೂರಿನ ಹುಡುಗನೊಬ್ಬ ಕಲ್ಕತ್ತಾಗೆ ಹೋಗಿ ರಾಜನಾದ, ಒಲಿಂಪಿಕ್ಸ್‌ನಲ್ಲಿ ಗೋಲು ಹೊಡೆದ ಅಂತ. ಅಜ್ಜ ಸುಮ್ನೆ ಹೇಳ್ತಾರೆ ಅಂತ ನಾವೆಲ್ಲ ನಗುತ್ತಿದ್ದೆವು. ಅದು ನಿಜವಾ? ನಿಜವಾದರೆ, ಬೇರೆ ಊರಿನವರನ್ನು ಕರೆತಂದು ಗೆದ್ದ ಕ್ಲಬ್ಬಿನ ಮೇಲೆ ಅಲ್ಲಿಯ ಜನಕ್ಕೆ 'ನಮ್ಮೂರಿನದು' ಅನ್ನುವ ಅಭಿಮಾನ ಹೇಗೆ ಬಂತು?" (ಓದುಗರೊಬ್ಬರು, ತುಮಕೂರು)

ಸಂಪಾದಕರ ಉತ್ತರ

ಪ್ರಿಯ ಓದುಗರೇ,

ಮೊದಲು ಅಜ್ಜನ ವಿಷಯ ಮುಗಿಸಿಬಿಡುತ್ತೇನೆ. ಅವರು ಹೇಳಿದ್ದು ನಿಜ. ಆ ಹುಡುಗನ ಹೆಸರು ಅಹ್ಮದ್ ಖಾನ್. ಅವರು ಹೋಗಿ ಸೇರಿದ್ದು ಇದೇ ಕೆಂಪು-ಹಳದಿ ಕ್ಲಬ್ಬನ್ನು. ನಿಮ್ಮ ಎರಡು ಪ್ರಶ್ನೆಗೂ ಉತ್ತರ ಹೀಗೆ ಒಂದೇ ಕಡೆ ಸಿಗುತ್ತದೆ. ಅದಕ್ಕೇ ಸ್ವಲ್ಪ ದೊಡ್ಡದಾಗಿ ಬರೆಯುತ್ತಿದ್ದೇನೆ.

ಕ್ಲಬ್ಬು ಹುಟ್ಟಿದ್ದು ಒಬ್ಬ ಆಟಗಾರನಿಗೆ ಆದ ಅವಮಾನದಿಂದ. 1920ರ ಜುಲೈ 28ರಂದು ಕಲ್ಕತ್ತಾದಲ್ಲಿ ಕೂಚ್ ಬೆಹಾರ್ ಕಪ್ಪಿನ ಪಂದ್ಯ ಇತ್ತು. ಒಂದು ಕಡೆ ಮೋಹನ್ ಬಗಾನ್, ಇನ್ನೊಂದು ಕಡೆ ಜೋರಾಬಗಾನ್. ಜೋರಾಬಗಾನ್ ತಂಡ ಮೈದಾನಕ್ಕೆ ಇಳಿದಾಗ ಅದರ ಒಳ್ಳೆಯ ಹಾಫ್‌ಬ್ಯಾಕ್ ಶೈಲೇಶ್ ಬೋಸ್ ತಂಡದಲ್ಲೇ ಇರಲಿಲ್ಲ. ಯಾಕೆ ಬಿಟ್ಟರು ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಅವರು ಪೂರ್ವ ಬಂಗಾಳದ ಕಡೆಯವರು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆಗ ಬಂಗಾಳ ಇನ್ನೂ ಒಂದೇ. ಆದರೂ ಕಲ್ಕತ್ತಾದ ಹಳೆಯ ಮನೆತನಗಳವರಿಗೆ ಢಾಕಾ, ಮೈಮನ್‌ಸಿಂಗ್ ಕಡೆಯಿಂದ ಬಂದವರು ಅಂದರೆ ಅಷ್ಟಕ್ಕಷ್ಟೇ. ಅವರ ಮಾತಿನ ಧಾಟಿಯನ್ನು ಆಡಿಕೊಳ್ಳುತ್ತಿದ್ದರು. 'ಬಾಂಗಾಲ್' ಅಂತ ಕರೆಯುತ್ತಿದ್ದರು. ಕಲ್ಕತ್ತಾ ಕಡೆಯವರಿಗೆ 'ಘೋಟಿ' ಅಂತ ಹೆಸರು. ಈ ಎರಡು ಪದ ಇವತ್ತಿಗೂ ಬಳಕೆಯಲ್ಲಿವೆ. ಈಗ ಹೆಚ್ಚಾಗಿ ಪ್ರೀತಿಯಿಂದಲೇ ಅನ್ನುತ್ತಾರೆ.

ಜೋರಾಬಗಾನ್ ಕ್ಲಬ್ಬಿನ ಉಪಾಧ್ಯಕ್ಷರಾಗಿದ್ದವರು ಸುರೇಶ್ ಚಂದ್ರ ಚೌಧುರಿ. ಅವರೂ ಪೂರ್ವದವರೇ. ಶೈಲೇಶ್ ಬೋಸ್ ಅವರನ್ನು ಆಡಿಸಿ ಅಂತ ಕೇಳಿದರು. ಮಾತು ನಡೆಯಲಿಲ್ಲ. ಕ್ಲಬ್ಬನ್ನೇ ಬಿಟ್ಟು ಹೊರಬಂದರು. ನಾಲ್ಕೇ ದಿನ! ಆಗಸ್ಟ್ 1ರಂದು ಗೆಳೆಯರನ್ನು ಸೇರಿಸಿಕೊಂಡು ಹೊಸ ಕ್ಲಬ್ಬು ಕಟ್ಟಿದರು. ಹೆಸರು ಏನಿಡೋಣ ಅಂತ ಅವರು ಜಾಸ್ತಿ ತಲೆ ಕೆಡಿಸಿಕೊಂಡಿರಲಾರರು. ಯಾವ ಊರಿನವರು ಅಂತ ಹೊರಗಿಟ್ಟರೋ ಆ ಊರಿನ ಹೆಸರನ್ನೇ ಇಟ್ಟರು. ಕೋಲ್ಕತ್ತಾದಲ್ಲಿ ಈಸ್ಟ್ ಬೆಂಗಾಲ್ ಯಾಕಿದೆ ಅಂದರೆ ಇದಕ್ಕೆ.

ಇನ್ನು ಬಣ್ಣ. ನಿಮ್ಮ ಗಾಬರಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅರಿಶಿನ-ಕುಂಕುಮ ಒಟ್ಟಿಗೆ ಕಂಡರೆ ನಮ್ಮ ಕಣ್ಣು ಅಲ್ಲೇ ನಿಲ್ಲುತ್ತದೆ, ಅಲ್ವಾ? ಎರಡಕ್ಕೂ ಸಂಬಂಧ ಇಲ್ಲ. ನಮ್ಮ ಕನ್ನಡ ಬಾವುಟ ಬಂದದ್ದು 1960ರ ದಶಕದಲ್ಲಿ, ಅವರ ಅಂಗಿ ಅದಕ್ಕಿಂತ ನಲವತ್ತು ವರ್ಷ ಹಳೆಯದು. ಕ್ಲಬ್ಬಿನವರು ಹೇಳಿಕೊಂಡು ಬಂದಿರುವ ಕಥೆ ಹೀಗಿದೆ. ತಂಡ ಆಯ್ತು, ಇನ್ನು ಜೆರ್ಸಿ ಬೇಕು. ಚೌರಂಗಿ ರಸ್ತೆಯಲ್ಲಿ ವೈಟ್‌ವೇ ಲೇಡ್‌ಲಾ ಅನ್ನುವ ಇಂಗ್ಲಿಷರ ದೊಡ್ಡ ಅಂಗಡಿ ಇತ್ತು. ಅದರ ಷೋಕೇಸಿನಲ್ಲಿ ಒಂದು ಅಂಗಿ ತೂಗುಹಾಕಿದ್ದರು. ಅರ್ಧ ಕೆಂಪು, ಅರ್ಧ ಬಂಗಾರದ ಹಳದಿ. ಗಾಜಿನಾಚೆಗೆ ನಿಂತು ನೋಡಿದವರಿಗೆ ಅದು ಮನಸ್ಸಿಗೆ ಹಿಡಿಸಿತು. ಬೆಲೆ 80 ರೂಪಾಯಿ. 1920ರ 80 ರೂಪಾಯಿ! ಆದರೂ ಕೊಂಡರು. ಈಗಲೂ ಅಭಿಮಾನಿಗಳು ತಂಡವನ್ನು ಕರೆಯುವುದೇ 'ಲಾಲ್-ಹೋಲುದ್' ಅಂತ, ಅಂದರೆ ಕೆಂಪು-ಹಳದಿ.

ಅವತ್ತು ಕಲ್ಕತ್ತಾ ಲೀಗಿನ ಮೊದಲ ಡಿವಿಷನ್ ಅಂದರೆ ಹೆಚ್ಚಾಗಿ ಬಿಳಿಯರ ಪಡೆಗಳ ತಂಡಗಳು. ಭಾರತೀಯ ಕ್ಲಬ್ಬುಗಳಿಗೆ ಇದ್ದದ್ದು ಎರಡೇ ಜಾಗ. ಅವೆರಡೂ ಭರ್ತಿಯಾಗಿದ್ದವು. ಆ ನಿಯಮ ಬದಲಾದ ಮೇಲೆ 1925ರಲ್ಲಿ ಈಸ್ಟ್ ಬೆಂಗಾಲ್ ಮೇಲಿನ ಡಿವಿಷನ್ನಿಗೆ ಬಂತು. ಅದೇ ವರ್ಷ ಮೇ 28ಕ್ಕೆ ಲೀಗಿನಲ್ಲಿ ಮೋಹನ್ ಬಗಾನ್ ಜೊತೆ ಮೊದಲ ಪಂದ್ಯ. ನೇಪಾಲ್ ಚಕ್ರವರ್ತಿ ಹೊಡೆದ ಒಂದೇ ಗೋಲಿನಿಂದ ಹೊಸಬರು ಗೆದ್ದರು. ಮೋಹನ್ ಬಗಾನ್ ಅಂದರೆ 1889ರ ಕ್ಲಬ್ಬು. 1911ರಲ್ಲಿ ಬ್ರಿಟಿಷ್ ಪಡೆಯ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಅನ್ನುವ ದೊಡ್ಡ ಟ್ರೋಫಿ ಗೆದ್ದು ಇಡೀ ದೇಶಕ್ಕೆ ಹೆಮ್ಮೆ ತಂದವರು. ಅಂಥವರನ್ನು ಐದು ವರ್ಷದ ಕೂಸು ಸೋಲಿಸಿತು ಅಂದರೆ ಕಲ್ಕತ್ತಾದಲ್ಲಿ ಎಂಥ ಗದ್ದಲ ಎದ್ದಿರಬೇಕು, ನೀವೇ ಊಹಿಸಿ. 1942ರಲ್ಲಿ ಮೊದಲ ಲೀಗ್, 1943ರಲ್ಲಿ ಮೊದಲ ಐಎಫ್‌ಎ ಶೀಲ್ಡ್ ಬಂತು.

ಆಮೇಲೆ 1947. ಹೆಸರಿನಲ್ಲಿದ್ದ ಊರು ಬೇರೆ ದೇಶವಾಯಿತು. ಮನೆ, ಹೊಲ, ಕೊಳ ಎಲ್ಲ ಬಿಟ್ಟು ಲಕ್ಷಗಟ್ಟಲೆ ಜನ ಕಲ್ಕತ್ತಾಗೆ ಬಂದರು. ಸಿಯಾಲ್ದಾ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೇ ಸಂಸಾರ ಹೂಡಿದರು. ಜಾಧವಪುರದ ಸುತ್ತ ಖಾಲಿ ಜಾಗದಲ್ಲಿ ಬಿದಿರಿನ ಗುಡಿಸಲು ಕಟ್ಟಿಕೊಂಡರು. ಹಾಗೆ ಬಂದವನಿಗೆ ಕಲ್ಕತ್ತಾದಲ್ಲಿ ತನ್ನ ಊರಿನ ಹೆಸರು ಬರೆದ ಬೋರ್ಡು ಎಲ್ಲಿ ಕಂಡೀತು? ಮೈದಾನದಲ್ಲಿದ್ದ ಆ ಕ್ಲಬ್ಬಿನ ಟೆಂಟಿನ ಮುಂದೆ ಕಂಡಿತು. ಹಗಲೆಲ್ಲ ಕೆಲಸ ಹುಡುಕಿ ಸೋತವನು ಸಂಜೆ ಕಾಸು ಕೊಟ್ಟು ಗ್ಯಾಲರಿಯಲ್ಲಿ ನಿಂತರೆ, ಒಂದೂವರೆ ಗಂಟೆ ಅವನ ಊರು ಗೆಲ್ಲುತ್ತಿತ್ತು. ನನ್ನ ಮಟ್ಟಿಗೆ ಈ ಕ್ಲಬ್ಬಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಇದೇ. ಟ್ರೋಫಿಗಳೆಲ್ಲ ಇದರ ಮುಂದೆ ಆಮೇಲಿನ ಮಾತು.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರೋಣ. ಆ ನಿರಾಶ್ರಿತರ ಕಣ್ಣಿಗೆ ಹಬ್ಬ ಮಾಡಿದವರು ಯಾರು? ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹಾ ಆಟಗಾರರನ್ನು ಹುಡುಕಿಕೊಂಡು ದೇಶವೆಲ್ಲ ಕಣ್ಣಾಡಿಸುತ್ತಿದ್ದರು. ಅವರು ಕೂಡಿಸಿದ ಐದು ಜನ ಫಾರ್ವರ್ಡ್‌ಗಳು ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್. ಐವರೂ ದಕ್ಷಿಣದ ಕಡೆಯವರು. ಜನ ಇಟ್ಟ ಹೆಸರು 'ಪಂಚಪಾಂಡವರು'. ಪಾಂಡವರೂ ಊರು ಬಿಟ್ಟು ವನವಾಸಕ್ಕೆ ಹೋದವರೇ ಅಲ್ವಾ? ನಿರಾಶ್ರಿತರ ಬಾಯಲ್ಲಿ ಆ ಹೆಸರು ಬಂದದ್ದು ನನಗೆ ಬಹಳ ಇಷ್ಟ. 1949ರಲ್ಲಿ ಲೀಗ್, ಶೀಲ್ಡ್, ಬಾಂಬೆಯ ರೋವರ್ಸ್ ಕಪ್ ಮೂರೂ ಒಂದೇ ವರ್ಷ ಬಂದವು. ಶೀಲ್ಡ್ ಅಂತೂ 1949, 50, 51, ಸತತ ಮೂರು ಸಲ. 1951 ಮತ್ತು 52ರಲ್ಲಿ ದೆಹಲಿಯ ಡುರಾಂಡ್ ಕಪ್.

ಅಹ್ಮದ್ ಖಾನ್ ಹುಟ್ಟಿದ್ದು 1926ರಲ್ಲಿ, ಬೆಂಗಳೂರಿನಲ್ಲಿ. ಬೆಂಗಳೂರು ಆಗ ಫುಟ್‌ಬಾಲಿನಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದು, ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅನ್ನಿಸಿಕೊಂಡಿತ್ತು. ಮರುವರ್ಷ ಮತ್ತೆ ಗೆದ್ದಿತು. ಮೈಸೂರು ತಂಡ 1946-47ರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಎತ್ತಿತ್ತು. ನಿಮ್ಮ ಅಜ್ಜ ದಂಡಿನಲ್ಲಿ ನೋಡಿದ್ದು ಆ ಕಾಲದ ಆಟ.

ಅಹ್ಮದ್ ಖಾನರ ಜಾಗ ಇನ್‌ಸೈಡ್ ಲೆಫ್ಟ್, ಅಂದರೆ ಮುಂದಿನ ಸಾಲಿನಲ್ಲಿ ನಡುವಿಗೆ ಹತ್ತಿರ ಎಡಗಡೆ. ಬರಿಗಾಲು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡವರ ಹಾಗೆ ಸಾಗುತ್ತಿದ್ದರಂತೆ. ಡಿಫೆಂಡರು ಎಡಕ್ಕೆ ವಾಲಿದರೆ ಇವರು ಬಲಕ್ಕೆ ಜಾರಿದ್ದಾಯ್ತು. ಅದಕ್ಕೇ ಅವರಿಗೆ 'ಹಾವಾಡಿಗ' ಅಂತ ಹೆಸರು ಬಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು ಆಡಿದಾಗ ಅವರು ತಂಡದಲ್ಲಿದ್ದರು. ಅವತ್ತು ನಮ್ಮವರ ಬಹುಪಾಲು ಜನ ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ 1-2ರಿಂದ ಸೋತರು. ಆ ಒಂದು ಗೋಲು, ಅಂದರೆ ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು, ಹೊಡೆದದ್ದು ಸಾರಂಗಪಾಣಿ ರಾಮನ್. ಅವರೂ ಬೆಂಗಳೂರಿನವರೇ! ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸದೆಬಡಿಯಿತು. ಆ ಚಳಿಯಲ್ಲಿ, ಹತ್ತು ಗೋಲು ತಿಂದ ತಂಡದಲ್ಲಿ, ಪಂದ್ಯ ಮುಗಿಯುವ ಹೊತ್ತಿಗೆ ನಮ್ಮ ಒಂದು ಗೋಲು ಹೊಡೆದವರು ಅಹ್ಮದ್ ಖಾನ್. ಅಜ್ಜ ಹೇಳಿದ ಗೋಲು ಅದೇ. ಈ ಎರಡರ ನಡುವೆ 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು.

ಹೊರಗಿನವರನ್ನು ತಂದು ಗೆದ್ದರೆ ಅಭಿಮಾನ ಹೇಗೆ ಅಂತ ಕೇಳಿದಿರಿ. ಆ ಗ್ಯಾಲರಿಯಲ್ಲಿ ನಿಂತಿದ್ದವರೂ ಆ ಊರಿಗೆ ಹೊರಗಿನವರೇ. ಬೆಂಗಳೂರಿನಿಂದ ಬಂದ, ಬಂಗಾಳಿ ಬಾರದ ಹುಡುಗ ತಮ್ಮ ಅಂಗಿ ತೊಟ್ಟು ಆಡುತ್ತಿದ್ದರೆ ಅವನನ್ನು ಯಾವ ಊರಪ್ಪಾ ಅಂತ ಕೇಳಲು ಅವರಿಗೆ ಮನಸ್ಸು ಬಂದೀತೇ? ಊರು ಯಾವುದು ಅಂತ ಕೇಳಿ ಹೊರಗಿಟ್ಟಿದ್ದಕ್ಕೇ ಅಲ್ವಾ ಆ ಕ್ಲಬ್ಬು ಹುಟ್ಟಿದ್ದು?

ಮುಂದಿನ ವರ್ಷಗಳ ಕಥೆ ಉದ್ದ ಇದೆ, ಚುಟುಕಾಗಿ ಹೇಳುತ್ತೇನೆ. 1970ರ ಶೀಲ್ಡ್ ಫೈನಲ್ಲಿನಲ್ಲಿ ಇರಾನಿನ ಪಾಸ್ ಕ್ಲಬ್ಬನ್ನು ಪರಿಮಲ್ ಡೇ ಹೊಡೆದ ಗೋಲಿನಿಂದ ಸೋಲಿಸಿದರು. 1970ರಿಂದ 75ರವರೆಗೆ ಸತತ ಆರು ಲೀಗ್. 1975ರ ಸೆಪ್ಟೆಂಬರ್ 30ರಂದು ಶೀಲ್ಡ್ ಫೈನಲ್ಲಿನಲ್ಲಿ ಮೋಹನ್ ಬಗಾನ್ ವಿರುದ್ಧ 5-0. ಶ್ಯಾಮ್ ಥಾಪಾ ಒಬ್ಬರೇ ಎರಡು ಗೋಲು ಹೊಡೆದರು. 1997ರ ಜುಲೈ 13ರಂದು ಮೋಹನ್ ಬಗಾನ್ ಎದುರಿನ ಫೆಡರೇಷನ್ ಕಪ್ ಸೆಮಿಫೈನಲ್ ನೋಡಲು ಸಾಲ್ಟ್ ಲೇಕ್ ಸ್ಟೇಡಿಯಂಗೆ ಬಂದವರು 1,31,781 ಜನ. ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದರು, 4-1. 2003ರಲ್ಲಿ ಜಕಾರ್ತಾಗೆ ಹೋಗಿ ಥಾಯ್ಲೆಂಡಿನ ಕ್ಲಬ್ಬನ್ನು 3-1ರಿಂದ ಸೋಲಿಸಿ ಆಸಿಯಾನ್ ಕಪ್ ತಂದರು.

ಆದರೆ ಒಂದು ದಿನವನ್ನು ಚುಟುಕಾಗಿ ದಾಟಲು ಆಗುವುದಿಲ್ಲ. 1980ರ ಆಗಸ್ಟ್ 16. ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ಪಂದ್ಯ. ಗ್ಯಾಲರಿಯಲ್ಲಿ ಜಗಳ, ನೂಕುನುಗ್ಗಲು. 16 ಜನ ಪ್ರಾಣ ಬಿಟ್ಟರು. ಸಂಜೆ ಮನೆಗೆ ಬರುತ್ತೇನೆ ಅಂತ ಹೇಳಿ ಹೋದವರು ಬರಲಿಲ್ಲ. ಅವರಲ್ಲಿ ಎರಡೂ ಕಡೆಯ ಅಭಿಮಾನಿಗಳಿದ್ದರು. ಕೋಲ್ಕತ್ತಾದಲ್ಲಿ ಈಗಲೂ ಆ ದಿನ ಅವರ ನೆನಪಿಗೆ ರಕ್ತದಾನ ಮಾಡುತ್ತಾರೆ. ಡರ್ಬಿ, ಅಂದರೆ ಒಂದೇ ಊರಿನ ಈ ಎರಡು ತಂಡಗಳ ಪಂದ್ಯ, ಅಂದರೆ ಸಾಕು, ಹಿಲ್ಸಾ ಮೀನು, ಸಿಗಡಿ ಅಂತ ಖುಷಿಯಾಗಿ ಮಾತಾಡುತ್ತೇವೆ. ಈಸ್ಟ್ ಬೆಂಗಾಲ್ ಗೆದ್ದರೆ ಅವರ ಮನೆಗಳಲ್ಲಿ ಹಿಲ್ಸಾ, ಮೋಹನ್ ಬಗಾನ್ ಗೆದ್ದರೆ ಸಿಗಡಿ. ಅದೆಲ್ಲ ಸರಿ. ಈ ಹದಿನಾರು ಜನರನ್ನೂ ಅದರ ಜೊತೆಗೇ ನೆನೆಯಬೇಕು.

ಬೆಂಗಳೂರಿನ ನಂಟು ಆಮೇಲೂ ಕಡಿಯಲಿಲ್ಲ. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 2008-09ರಲ್ಲಿ ಈ ಅಂಗಿ ತೊಟ್ಟವರು. 2018ರಲ್ಲಿ ಹಣ ಹೂಡಲು ಬಂದದ್ದು ಬೆಂಗಳೂರಿನ ಕ್ವೆಸ್ ಕಂಪನಿ. 2019ರಲ್ಲಿ ಬೆಂಗಳೂರು ಎಫ್‌ಸಿಗೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದುಕೊಟ್ಟ ಸ್ಪೇನಿನ ಕೋಚ್ ಕಾರ್ಲೆಸ್ ಕ್ವಾದ್ರಾತ್, ಆಮೇಲೆ ಈಸ್ಟ್ ಬೆಂಗಾಲ್‌ಗೆ ಹೋದರು. 2024ರ ಜನವರಿಯಲ್ಲಿ ಭುವನೇಶ್ವರದಲ್ಲಿ ಒಡಿಶಾ ತಂಡವನ್ನು 3-2ರಿಂದ ಸೋಲಿಸಿ ಸೂಪರ್ ಕಪ್ ಗೆದ್ದರು. ರಾಷ್ಟ್ರಮಟ್ಟದ ಟ್ರೋಫಿ ಇಲ್ಲದೆ ಹನ್ನೆರಡು ವರ್ಷ ಕಾದ ಜನಕ್ಕೆ ಅವತ್ತು ಊಟ ರುಚಿಸಿರಬೇಕು.

ಅಹ್ಮದ್ ಖಾನ್ ಆಟ ಮುಗಿಸಿದ ಮೇಲೆ ತಮ್ಮ ಊರಿಗೇ ಬಂದರು. 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಆಗ ಅವರಿಗೆ 90 ವರ್ಷ. ನಮ್ಮ ಪತ್ರಿಕೆ ಅವರ ಬಗ್ಗೆ ಅವರಿದ್ದಾಗ ಒಂದು ಪುಟವನ್ನೂ ಬರೆಯಲಿಲ್ಲ. ಅದು ನಮ್ಮ ತಪ್ಪು. ನಿಮ್ಮ ಪತ್ರ ಓದಿದಾಗಿನಿಂದ ಅದೇ ಕೊರೆಯುತ್ತಿದೆ.

ಒಂದು ಕೋರಿಕೆ. ದಂಡಿನ ದಿನಗಳಲ್ಲಿ ನಿಮ್ಮ ಅಜ್ಜ ಇಟ್ಟುಕೊಂಡಿದ್ದ ಹಳೆಯ ಫೋಟೋ, ಪಂದ್ಯದ ಟಿಕೆಟ್ಟು, ಪೇಪರ್ ಕಟಿಂಗ್ ಏನಾದರೂ ಟ್ರಂಕಿನ ಅಡಿಯಲ್ಲಿ ಇದೆಯಾ ನೋಡಿ. ಇದ್ದರೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ. ಪ್ರತಿ ತೆಗೆದುಕೊಂಡು, ಮಡಿಕೆ ಬೀಳದ ಹಾಗೆ ವಾಪಸ್ ಕಳಿಸುತ್ತೇವೆ.

(ಸಂ.)